ಇಂಜಿನಿಯರಿಂಗ್ ಮೊದಲ ವರ್ಷ: ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ

ಮೊದಲ ಇಂಟರ್ನಲ್ಸ್ (ಕಾಲೇಜಿನೊಳಗೇ ನಡೆಯುವ ಟೆಸ್ಟು) ಮುಗಿದ ವಾರ ನಮ್ಮ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಯಾರಾದರೂ ಒಬ್ಬರು ಬಂದು ನಿಂತಿರುತ್ತಾರೆ. ಒಳಗೆ ಬರುವುದಿಲ್ಲ. ಟೆಸ್ಟ್ ಬರೆದ ಬ್ಲೂ ಬುಕ್ ಸುರುಳಿ ಸುತ್ತಿಕೊಂಡು ಕೈಯಲ್ಲಿ ಹಿಡಿದಿರುತ್ತಾರೆ. "ಬಾರಪ್ಪ" ಅಂದರೆ ಮಾತ್ರ ಬರುತ್ತಾರೆ.

ಒಂದು ವರ್ಷ ಹೀಗೆ ಬಂದ ಹುಡುಗನಿಗೆ 25ಕ್ಕೆ 7 ಬಂದಿತ್ತು. ಪ್ರಶ್ನೆಯಲ್ಲಿ ಎರಡು ವಕ್ರರೇಖೆ ಇದ್ದವು, ಎರಡು ಬಿಂದು ಇದ್ದವು. ಮೊದಲ ರೇಖೆಗೆ ಮೊದಲ ಬಿಂದು, ಎರಡನೆಯದಕ್ಕೆ ಎರಡನೆಯದು. ಇವನು ಎರಡು ರೇಖೆಗೂ ಎರಡೂ ಬಿಂದು ಹಾಕಿ ನಾಲ್ಕು ಲೆಕ್ಕ ಮಾಡಿದ್ದ. ಅಷ್ಟರಲ್ಲಿ ಟೈಮ್ ಮುಗಿದಿತ್ತು. ಮಾಡಿದ ಹೆಜ್ಜೆಗಳೆಲ್ಲ ಸರಿಯಾಗಿಯೇ ಇದ್ದವು.

"ಮೇಡಂ, ರೆಸ್ಪೆಕ್ಟಿವ್‌ಲಿ ಅಂದ್ರ ಏನ್ರಿ?" ಅಂದ.

"ಕ್ರಮವಾಗಿ" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. "ಅಷ್ಟೇ ಏನ್ರಿ?" ಅಂದ. ಕಣ್ಣಲ್ಲಿ ನೀರಿತ್ತು. ಆ ಮಾತು ಅವನಿಗೆ ಎಂಟನೇ ಕ್ಲಾಸಿನಿಂದ ಗೊತ್ತು. ಕ್ಲಾಸಿನಲ್ಲಿ ಆರು ವಾರದಿಂದ ಆ ಇಂಗ್ಲಿಷ್ ಪದ ಕೇಳುತ್ತಲೇ ಇದ್ದ. ಯಾರನ್ನೂ ಕೇಳಿರಲಿಲ್ಲ.

ನಾನೂ ಹತ್ತನೇ ಕ್ಲಾಸಿನವರೆಗೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವಳು. ಈಗ ಹನ್ನೆರಡು ವರ್ಷದಿಂದ ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ನಾನು ನೋಡಿದ ಮಟ್ಟಿಗೆ ಈ ವರ್ಷದಲ್ಲಿ ಎಡವುವವರು ದಡ್ಡರಲ್ಲ. ಕೇಳದೆ ಕೂತವರು. ಹಾಗಾಗಿ ಮನೆ ಬಿಡುವ ದಿನದಿಂದ ಎರಡನೇ ಸೆಮಿಸ್ಟರ್‌ವರೆಗೆ ಏನೇನು ಮಾಡಬೇಕು, ಯಾರನ್ನು ಏನು ಕೇಳಬೇಕು ಅಂತ ಇಲ್ಲಿ ಬರೆದಿದ್ದೇನೆ. ನಿಯಮಗಳ ಲೆಕ್ಕವನ್ನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಿಗೆ, ಅದರಲ್ಲೂ 2022ರ ಸ್ಕೀಮ್‌ಗೆ (ಪಾಠ-ಪರೀಕ್ಷೆಯ ನಿಯಮಾವಳಿಗೆ) ಹೊಂದುವಂತೆ ಕೊಟ್ಟಿದ್ದೇನೆ. ನಿಮ್ಮ ಬ್ಯಾಚಿನ ಸ್ಕೀಮ್ ಯಾವುದು ಅನ್ನೋದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಅಟಾನಮಸ್ (ಸ್ವಾಯತ್ತ) ಕಾಲೇಜಾದರೆ ಅವರದೇ ರೂಲ್ ಬುಕ್ ಇರುತ್ತದೆ. ಅದನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ಮನೆ ಬಿಡುವ ಮೊದಲು

ಕಾಗದಪತ್ರದ ಕೆಲಸ ಬೇಜಾರಿನದು, ಆದರೆ ಊರಲ್ಲೇ ಮುಗಿಸಿಕೊಂಡರೆ ನಾಲ್ಕು ಸಲದ ಬಸ್ ಚಾರ್ಜು ಉಳಿಯುತ್ತದೆ.

ಕಾಲೇಜಿಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಐದು ಸೆಟ್ ಜೆರಾಕ್ಸ್ ತೆಗೆಸಿ. ಕೊಟ್ಟ ಕಾಗದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಕೇಳಿದರೆ ಕೊಡುತ್ತಾರೆ.

ಗ್ರಾಮೀಣ ಮೀಸಲಾತಿ ಅಥವಾ ಕನ್ನಡ ಮಾಧ್ಯಮ ಮೀಸಲಾತಿಯಲ್ಲಿ ಸೀಟು ಸಿಕ್ಕಿದ್ದರೆ ಒಂದರಿಂದ ಹತ್ತನೇ ಕ್ಲಾಸಿನವರೆಗಿನ ವ್ಯಾಸಂಗ ಪ್ರಮಾಣಪತ್ರದ ಪ್ರತಿ ನಿಮ್ಮ ಹತ್ತಿರವೂ ಇರಲಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿವೆ. ಆ ಸೀಟಿನಲ್ಲಿ ಬಂದೆ ಅಂತ ಹೇಳಿಕೊಳ್ಳಲು ಕೆಲವು ಮಕ್ಕಳು ನಾಚಿಕೊಳ್ಳುತ್ತಾರೆ. ಬೇಡ. ಅದು ನಿಮ್ಮ ಹಕ್ಕು.

ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ನೋಡಿಸಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇರುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಅವಧಿ ಮುಗಿದಿದ್ದರೆ ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನೊಂದು, ಬ್ಯಾಂಕಿನ ಕೆಲಸ. ನಿಮ್ಮ ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಿರಬೇಕು. ಸರ್ಕಾರದ ದುಡ್ಡು ಬಂದು ಬೀಳುವುದು ಮ್ಯಾಪಿಂಗ್ ಆದ ಖಾತೆಗೆ ಮಾತ್ರ. ಬ್ಯಾಂಕಿನಲ್ಲಿ ಹೀಗೇ ಕೇಳಿ: "ನನ್ನ ಆಧಾರ್ ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ ನೋಡಿ ಹೇಳಿ." ಆಧಾರ್‌ನಲ್ಲಿರುವ ಹೆಸರೂ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಥರ ಇದೆಯಾ ಅಂತಲೂ ನೋಡಿಕೊಳ್ಳಿ. ಇನಿಷಿಯಲ್ ಒಂದರ ವ್ಯತ್ಯಾಸಕ್ಕೆ ಅರ್ಜಿ ಸಿಕ್ಕಿಹಾಕಿಕೊಂಡು ವರ್ಷವಿಡೀ ಓಡಾಡಿದವರನ್ನು ನೋಡಿದ್ದೇನೆ.

ಇರೋಕೆ ಜಾಗ

ಮೊದಲು ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸಮಾಜ ಕಲ್ಯಾಣ ಇಲಾಖೆಯದು, ಹಿಂದುಳಿದ ವರ್ಗಗಳ ಇಲಾಖೆಯದು, ಅಲ್ಪಸಂಖ್ಯಾತರ ಇಲಾಖೆಯದು, ಎಲ್ಲದಕ್ಕೂ ಅರ್ಜಿ ಆನ್‌ಲೈನ್‌ನಲ್ಲೇ. ಕಾಲೇಜು ಶುರುವಾದ ಮೇಲೆ ನೋಡೋಣ ಅಂತ ಬಿಟ್ಟರೆ ಸೀಟು ತುಂಬಿರುತ್ತದೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಊಟ-ವಸತಿ ನೆರವಿಗೆ ಅರ್ಜಿ ಹಾಕಬಹುದು. ವರ್ಷಕ್ಕೆ 10 ತಿಂಗಳು ಈ ನೆರವು ಸಿಗುತ್ತದೆ.

ಪಿಜಿಗೆ (ದುಡ್ಡು ಕೊಟ್ಟು ಊಟ-ವಸತಿ ಪಡೆಯುವ ಖಾಸಗಿ ಮನೆ) ಹೋಗುವುದಾದರೆ ಅಡ್ವಾನ್ಸ್ ಕೊಡುವ ಮೊದಲು ಮೂರು ಮಾತು ಕೇಳಿ. ಬಿಡುವಾಗ ಎಷ್ಟು ಹಿಡಿದುಕೊಳ್ತೀರಿ? ಎಷ್ಟು ದಿನ ಮೊದಲು ಹೇಳಬೇಕು? ಹಬ್ಬಕ್ಕೆ ಊರಿಗೆ ಹೋದ ದಿನಗಳ ಊಟದ ದುಡ್ಡು ಏನು? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸೋಕೆ ಹೇಳಿ. ಆಮೇಲೆ ಮಾತು ಬದಲಾಗುವುದಿಲ್ಲ.

ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಇರುವ ಸಾಧಾರಣ ರೂಮು, ಎರಡು ಬಸ್ ಬದಲಿಸಿ ಹೋಗಬೇಕಾದ ಒಳ್ಳೆ ರೂಮಿಗಿಂತ ವಾಸಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಮೊದಲ ಮೂರು ವಾರ

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಹೇಳಿರುವಂತೆ ಮೊದಲ ವರ್ಷದವರಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ಇರುತ್ತದೆ. ಕೆಲವು ಕಾಲೇಜುಗಳು ಅದನ್ನು ಕಡಿಮೆ ದಿನಕ್ಕೆ ಮುಗಿಸುತ್ತವೆ. ಭಾಷಣ, ಯೋಗ, ಆಟ, ಪರಿಚಯ. ಪಾಠ ಇಲ್ಲವಲ್ಲ ಅಂತ ಊರಿಗೆ ಹೋಗಿಬಿಡಬೇಡಿ. ಆಗ ಗೆಳೆತನಗಳು ಕೂಡಿಕೊಳ್ಳುತ್ತವೆ. ತಡವಾಗಿ ಬಂದವರು ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ. ಆಮೇಲೆ ಪಕ್ಕದವರನ್ನು "ಇದೇನು?" ಅಂತ ಕೇಳೋಕೂ ಯಾರೂ ಇರುವುದಿಲ್ಲ.

ಈ ದಿನಗಳಲ್ಲಿ ಕೆಲವು ಮುಖಗಳನ್ನು ಗುರುತು ಮಾಡಿಕೊಳ್ಳಿ. ಮೊದಲನೆಯದು ನಿಮ್ಮ ಪ್ರಾಕ್ಟರ್. ಕೆಲವು ಕಡೆ ಮೆಂಟರ್ ಅಂತಾರೆ. ಇಪ್ಪತ್ತೋ ಇಪ್ಪತ್ತೈದೋ ಮಕ್ಕಳ ಹಾಜರಿ, ಮಾರ್ಕ್ಸು, ಮನೆಯ ಸ್ಥಿತಿಗತಿ ನೋಡಿಕೊಳ್ಳುವ ಅಧ್ಯಾಪಕರು ಇವರು. ಅವರ ಹತ್ತಿರ ಮೊದಲ ಸಲ ಹೋಗುವುದು ಕಷ್ಟ ಬಂದಾಗ ಆಗಬಾರದು. ಸುಮ್ನೆ ಹೋಗಿ, "ಸರ್, ನಾನು ಇಂಥ ಊರಿನವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ" ಅಂತ ಹೇಳಿ ಬನ್ನಿ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನಮಗೆ ನೆನಪಿರುತ್ತದೆ. ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಬನ್ನಿ.

ಆಮೇಲೆ ಆಫೀಸಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರು. ಲೈಬ್ರರಿಯವರು. ನಿಮ್ಮ ತಾಲ್ಲೂಕಿನ ಒಬ್ಬ ಸೀನಿಯರ್ ಅಣ್ಣನೋ ಅಕ್ಕನೋ ಸಿಕ್ಕರೆ ಇನ್ನೂ ಒಳ್ಳೆಯದು, ಅವರ ಹತ್ತಿರ ಹಳೆಯ ಪ್ರಶ್ನೆಪತ್ರಿಕೆ ಇರುತ್ತದೆ.

ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನಿಮ್ಮ ನಂಬರ್) ಸಿಕ್ಕ ದಿನ ಬಾಯಿಪಾಠ ಮಾಡಿಕೊಳ್ಳಿ. ಮೊದಲ ಅಂಕಿ ನಿಮ್ಮ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಮುಂದಿನ ಎರಡು ಅಕ್ಷರ ಕಾಲೇಜು, ಆಮೇಲೆ ಸೇರಿದ ವರ್ಷ, ಬ್ರಾಂಚ್, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಪರೀಕ್ಷೆಯ ಗಾಬರಿಯಲ್ಲಿ ಇದನ್ನು ತಪ್ಪಾಗಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ.

ಇಂಗ್ಲಿಷ್ ಪಾಠ

ಎಲ್ಲರೂ ಹೆದರುವುದು ಇದಕ್ಕೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಯುಸಿಯಲ್ಲಿ ನಿಮ್ಮ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಆದರೆ ಮೇಷ್ಟ್ರು ಕನ್ನಡದಲ್ಲಿ ವಿವರಿಸುತ್ತಿದ್ದರು, ಅಲ್ವಾ? ನೋಟ್ಸ್ ಇಂಗ್ಲಿಷು, ಅರ್ಥ ಕನ್ನಡ. ಇಲ್ಲಿ ಆ ಕನ್ನಡದ ಅರ್ಥ ಇರುವುದಿಲ್ಲ. ಕ್ಲಾಸಿನಲ್ಲಿ ಬೇರೆ ರಾಜ್ಯದ ಮಕ್ಕಳಿರುತ್ತಾರೆ, ಪಾಠ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಮೊದಲ ಎರಡು ವಾರ ತಲೆನೋವು ಬರುವುದು ಸಹಜ. ನನಗೂ ಬರುತ್ತಿತ್ತು.

ನಿಮಗೆ ತೊಡಕಾಗುವುದು ದೊಡ್ಡ ದೊಡ್ಡ ವಿಜ್ಞಾನದ ಪದಗಳಲ್ಲ. ಅವು ಎಲ್ಲರಿಗೂ ಹೊಸವು. ನಿಮ್ಮನ್ನು ಎಡವಿಸುವುದು ಸಣ್ಣ ಪದಗಳು. ಹೆನ್ಸ್, ಸಪೋಸ್, ಆರ್ಬಿಟ್ರರಿ, ವಿತ್ ರೆಸ್ಪೆಕ್ಟ್ ಟು, ಸಬ್ಜೆಕ್ಟ್ ಟು, ಪ್ರೊವೈಡೆಡ್ ದಟ್, ಅಟ್ ಮೋಸ್ಟ್, ಅಟ್ ಲೀಸ್ಟ್. ಇವನ್ನು ಯಾರೂ ವಿವರಿಸುವುದಿಲ್ಲ, ಎಲ್ಲರಿಗೂ ಗೊತ್ತು ಅಂದುಕೊಂಡು ಹೇಳಿಕೊಂಡು ಹೋಗುತ್ತೇವೆ. ಅದು ನಮ್ಮ ತಪ್ಪೂ ಹೌದು.

ಒಂದು ಇನ್ನೂರು ಪುಟದ ಪುಟ್ಟ ನೋಟ್‌ಬುಕ್ ತೆಗೆದುಕೊಳ್ಳಿ. ಪುಟವನ್ನು ಉದ್ದಕ್ಕೆ ಮಡಚಿ. ಎಡಕ್ಕೆ ಕ್ಲಾಸಿನಲ್ಲಿ ಕೇಳಿದ ಪದ, ಬಲಕ್ಕೆ ಕನ್ನಡ. ಮೊದಲ ತಿಂಗಳು ದಿನಕ್ಕೆ ಹತ್ತು ಪದವಾದರೂ ಬೀಳುತ್ತವೆ. ಮೂರನೇ ತಿಂಗಳಿಗೆ ದಿನಕ್ಕೆ ಒಂದೂ ಸಿಗುವುದಿಲ್ಲ. ಯಾಕೆ ಅಂದರೆ ಒಂದು ವಿಷಯದ ಪಾಠದಲ್ಲಿ ಬಳಸುವ ಇಂಗ್ಲಿಷು ಬಹಳ ಚಿಕ್ಕದು. ಗಣಿತದ ನಾಲ್ಕು ತಿಂಗಳ ಪಾಠವನ್ನು ನಾವು ಕೆಲವೇ ನೂರು ಪದಗಳಲ್ಲಿ ತಿರುಗಿ ತಿರುಗಿ ಹೇಳುತ್ತಿರುತ್ತೇವೆ. ಈ ಇಂಗ್ಲಿಷು ಕಲಿಯೋಕೆ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ದುಡ್ಡು ಕಟ್ಟಬೇಕಾಗಿಲ್ಲ.

ಬಲಕ್ಕೆ ಬರೆಯುವಾಗ ನಿಮ್ಮ ಹೈಸ್ಕೂಲ್ ಪುಸ್ತಕ ನೆನಪಿಸಿಕೊಳ್ಳಿ. ಕೊಎಫಿಷಿಯೆಂಟ್ ಅಂದರೆ ಸಹಗುಣಕ. ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ. ಮೊಮೆಂಟಮ್ ಅಂದರೆ ಸಂವೇಗ. ಇನರ್ಷಿಯಾ ಅಂದರೆ ಜಡತ್ವ. ಪೊಟೆನ್ಷಿಯಲ್ ಡಿಫರೆನ್ಸ್ ಅಂದರೆ ವಿಭವಾಂತರ. ಇವೆಲ್ಲ ನೀವು ಚೆನ್ನಾಗಿ ಕಲಿತವೇ. ಹತ್ತನೇ ಕ್ಲಾಸಿನ ಗಣಿತ, ವಿಜ್ಞಾನದ ಕನ್ನಡ ಪುಸ್ತಕಗಳನ್ನು ಮನೆಯಿಂದ ಜೊತೆಗೆ ತನ್ನಿ. ನಾಚಿಕೆ ಬೇಡ. ಹಾಸ್ಟೆಲ್ ರೂಮಿನ ಮೇಜಿನ ಮೇಲೆ ಅವು ಇರಲಿ.

ಇನ್ನು ಕ್ಲಾಸಿನಲ್ಲಿ ಕೇಳುವುದು. ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಗೊತ್ತು. ಮೊದಲ ತಿಂಗಳು ಹೀಗೆ ಮಾಡಿ. ಅರ್ಥ ಆಗದ ಸಾಲಿನ ಪಕ್ಕ ನೋಟ್ಸ್‌ನಲ್ಲೇ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಗುರುತು ಹಾಕಿ. ಬರೆಯುವುದನ್ನು ನಿಲ್ಲಿಸಬೇಡಿ. ಕ್ಲಾಸ್ ಮುಗಿದು ಅಧ್ಯಾಪಕರು ಹೊರಡುವಾಗ ಆ ಪುಟ ತೆರೆದು ಹಿಡಿದು ಗುರುತಿನ ಮೇಲೆ ಬೆರಳಿಡಿ. "ಸರ್, ದಿಸ್ ಸ್ಟೆಪ್" ಅಂದರೆ ಸಾಕು. ಕನ್ನಡ ಬರುವ ಅಧ್ಯಾಪಕರಾದರೆ ಕನ್ನಡದಲ್ಲೇ ಕೇಳಿ, ಅವರು ಕನ್ನಡದಲ್ಲೇ ಹೇಳುತ್ತಾರೆ. ಕನ್ನಡ ಬಾರದವರಾದರೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ. ವ್ಯಾಕರಣ ತಪ್ಪಾದರೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಪಾಠ ಆದ ದಿನವೇ, ರಾತ್ರಿ ಊಟಕ್ಕೆ ಮೊದಲು, ಒಂದೊಂದು ವಿಷಯಕ್ಕೆ ಇಪ್ಪತ್ತು ನಿಮಿಷ ನೋಟ್ಸ್ ತಿರುವಿ. ಪೆನ್ಸಿಲ್ ಗುರುತುಗಳನ್ನು ಎಣಿಸಿ. ಎರಡು ದಿನ ಹಾಗೇ ಉಳಿದ ಗುರುತನ್ನು ಮೂರನೇ ದಿನ ಯಾರನ್ನಾದರೂ ಕೇಳಲೇಬೇಕು ಅಂತ ನಿಯಮ ಇಟ್ಟುಕೊಳ್ಳಿ. ಅದರಾಚೆಗೆ ಬಿಟ್ಟರೆ ಮುಂದಿನ ಪಾಠ ಅದರ ಮೇಲೆ ಕೂರುತ್ತದೆ.

ಕನ್ನಡದ ಒಂದು ಲಾಭವೂ ಇದೆ. ಮೊದಲ ವರ್ಷದಲ್ಲಿ ಒಂದು ಕ್ರೆಡಿಟ್‌ನ (ಕ್ರೆಡಿಟ್ ಅಂದರೆ ವಿಷಯದ ತೂಕ) ಕನ್ನಡ ವಿಷಯ ಇರುತ್ತದೆ: ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ನಿಮ್ಮ ಹಾಸ್ಟೆಲ್‌ನ ಹೊರರಾಜ್ಯದ ಗೆಳೆಯರು ಬಳಕೆ ಕನ್ನಡಕ್ಕೆ ಪರದಾಡುತ್ತಿರುತ್ತಾರೆ. ನೀವು ಅವರಿಗೆ ವಾರಕ್ಕೆ ಒಂದು ಗಂಟೆ ಕನ್ನಡ ಹೇಳಿಕೊಡಿ. ಅವರು ನಿಮಗೆ ಒಂದು ಗಂಟೆ ಇಂಗ್ಲಿಷಿನಲ್ಲಿ ಲೆಕ್ಕ ವಿವರಿಸಲಿ. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಹೀಗೆ ಮಾಡಿದರು. ಒಬ್ಬಳು ಕುಷ್ಟಗಿ ಕಡೆಯವಳು, ಇನ್ನೊಬ್ಬಳು ಪಾಟ್ನಾದವಳು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪಾಟ್ನಾದ ಹುಡುಗಿ "ಯಾಕ ಬೇ" ಅನ್ನುತ್ತಿದ್ದಳು. ಕುಷ್ಟಗಿಯವಳು ಬೋರ್ಡ್ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸಿದಳು.

ಮಾರ್ಕ್ಸ್‌ನ ಲೆಕ್ಕ

ಇಲ್ಲಿ ನಾಲ್ಕು ಅಂಕಿ ನೆನಪಿಡಿ: 85, 20, 18, 40.

85 ಅಂದರೆ ಹಾಜರಿ. ಪ್ರತಿ ವಿಷಯಕ್ಕೂ ಶೇ 85 ಬೇಕು. ಒಂದು ವಿಷಯಕ್ಕೆ 40 ಕ್ಲಾಸು ನಡೆದರೆ 34ಕ್ಕೆ ಇರಲೇಬೇಕು. ತಪ್ಪಿಸಬಹುದಾದದ್ದು ಆರು ಮಾತ್ರ. ದಸರಾಕ್ಕೆ ಎರಡು ದಿನ ಮೊದಲು ಹೊರಟು ಎರಡು ದಿನ ತಡವಾಗಿ ಬಂದರೆ ಅದರಲ್ಲಿ ನಾಲ್ಕು ಹೋಯಿತು. ಗಟ್ಟಿ ಕಾರಣ ಇದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ 10ರವರೆಗೆ ವಿನಾಯಿತಿ ಕೇಳಬಹುದು. ಅದು ಕಾಯಿಲೆಯಂಥ ಕಷ್ಟಕ್ಕೆ ಇರುವುದು, ಅದನ್ನು ನಂಬಿಕೊಂಡು ರಜೆ ಹಾಕಬೇಡಿ. ಜ್ವರ ಬಂದರೆ ಡಾಕ್ಟರ ಚೀಟಿ ಅವತ್ತೇ ತೆಗೆದಿಟ್ಟುಕೊಳ್ಳಿ.

20 ಅಂದರೆ ಇಂಟರ್ನಲ್ಸ್. 50ಕ್ಕೆ ಕನಿಷ್ಠ 20 ಬರಬೇಕು. ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ.

18 ಅಂದರೆ ಸೆಮಿಸ್ಟರ್ ಪರೀಕ್ಷೆ. ಪೇಪರ್ ನೂರಕ್ಕೆ ಇರುತ್ತದೆ, ಆಮೇಲೆ 50ಕ್ಕೆ ಇಳಿಸುತ್ತಾರೆ. ಅದರಲ್ಲಿ ಕನಿಷ್ಠ 18.

ಈಗ ನೋಡಿ. 20ಕ್ಕೆ 18 ಕೂಡಿಸಿದರೆ 38. ಪಾಸಾಗಲು ಒಟ್ಟು 40 ಬೇಕು. ಎರಡರಲ್ಲೂ ಕನಿಷ್ಠ ತೆಗೆದವರು ಫೇಲ್! ಇದು ಗೊತ್ತಿಲ್ಲದೆ ಎರಡು ಮಾರ್ಕ್ಸ್‌ಗೆ ಬ್ಯಾಕ್ (ಮತ್ತೆ ಪರೀಕ್ಷೆ ಬರೆಯಬೇಕಾದ ವಿಷಯ) ಉಳಿಸಿಕೊಂಡವರಿದ್ದಾರೆ. ಇಂಟರ್ನಲ್ಸ್‌ನಲ್ಲಿ 40 ತೆಗೆದುಕೊಂಡ ಹುಡುಗಿಗೆ ಸೆಮಿಸ್ಟರ್ ಪರೀಕ್ಷೆಯಲ್ಲಿ 18 ಬಂದರೂ 58 ಆಗುತ್ತದೆ. ಆ 40 ಬರುವುದು ಟೆಸ್ಟು, ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡುಗಳಿಂದ. ಅಂದರೆ ಪ್ರತಿ ವಾರದ ಸಣ್ಣ ಕೆಲಸದಿಂದ. ರೆಕಾರ್ಡನ್ನು ಆಯಾ ವಾರವೇ ಬರೆದು ಸಹಿ ಹಾಕಿಸಿಕೊಳ್ಳಿ.

ಸೆಮಿಸ್ಟರ್ ಪೇಪರ್‌ನಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ 20 ಮಾರ್ಕ್ಸಿನ ಎರಡು ಪ್ರಶ್ನೆ, ಅದರಲ್ಲಿ ಒಂದು ಬರೆಯಬೇಕು. ಸಮಯ ಮೂರು ಗಂಟೆ. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಮಾರ್ಕ್ಸ್ ಹೋಯಿತು, ಬೇರೆ ಮಾಡ್ಯೂಲ್‌ನಿಂದ ತುಂಬಿಸಿಕೊಳ್ಳೋಕೆ ಬರುವುದಿಲ್ಲ. ಹಾಗಾಗಿ ಐದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿರಬೇಕು. ಸೀನಿಯರ್‌ಗಳು ಪಾಸಿಂಗ್ ಪ್ಯಾಕೇಜ್ ಅಂತ ಕೆಲವು ಪ್ರಶ್ನೆ ಗುರುತು ಮಾಡಿಕೊಡುತ್ತಾರೆ. ಪರೀಕ್ಷೆಯ ಹಿಂದಿನ ವಾರ ಅದು ಉಪಯೋಗಕ್ಕೆ ಬರುತ್ತದೆ. ಸೆಮಿಸ್ಟರಿನ ಮೊದಲ ದಿನದಿಂದಲೇ ಅದನ್ನೇ ಓದಿದರೆ ಮುಂದಿನ ವರ್ಷದ ವಿಷಯಗಳಿಗೆ ಬುಡವೇ ಇರುವುದಿಲ್ಲ.

ಕ್ರೆಡಿಟ್ ಬಗ್ಗೆ ಒಂದೇ ಮಾತು. ಗಣಿತಕ್ಕೆ 4 ಕ್ರೆಡಿಟ್, ಕನ್ನಡಕ್ಕೆ 1. ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಅಂಕ) ಲೆಕ್ಕದಲ್ಲಿ ಗಣಿತದಲ್ಲಿ ಒಂದು ಗ್ರೇಡ್ ಮೇಲೇರಿದರೆ, ಕನ್ನಡದಲ್ಲಿ ನಾಲ್ಕು ಗ್ರೇಡ್ ಏರಿದಷ್ಟು. ಸಮಯ ಎಲ್ಲಿ ಜಾಸ್ತಿ ಹಾಕಬೇಕು ಅನ್ನೋದು ಇದರಿಂದ ತಿಳಿಯುತ್ತದೆ.

ಕಂಪ್ಯೂಟರು, ಡ್ರಾಯಿಂಗು

ಸಿ ಪ್ರೋಗ್ರಾಂ ಅನ್ನು ನೋಟ್‌ಬುಕ್‌ನಲ್ಲಿ ಚೆನ್ನಾಗಿ ಬರೆದ ಒಬ್ಬ ಹುಡುಗಿ ಲ್ಯಾಬಿನಲ್ಲಿ ಹತ್ತು ನಿಮಿಷ ಕೀಬೋರ್ಡ್ ನೋಡುತ್ತಾ ಕೂತಿದ್ದಳಂತೆ. ಸೆಮಿಕೋಲನ್ ಎಲ್ಲಿದೆ ಅಂತ ಹುಡುಕುತ್ತಿದ್ದಳು. ಎಲ್ ಅಕ್ಷರದ ಬಲಕ್ಕಿದೆ. ಫ್ಲವರ್ ಬ್ರಾಕೆಟ್‌ಗೆ ಶಿಫ್ಟ್ ಒತ್ತಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಇದು ಯಾರು ಹೇಳಬೇಕು? ಲ್ಯಾಬ್ ಸಹಾಯಕರನ್ನು ಕೇಳಿ, ಖಾಲಿ ಇರುವ ಗಂಟೆಯಲ್ಲಿ ಕೂರಲು ಬಿಡುತ್ತಾರೆ. ಮೊದಲ ಎರಡು ವಾರ ದಿನಾ ಅರ್ಧ ಗಂಟೆ ಸುಮ್ನೆ ಟೈಪ್ ಮಾಡಿ. ಸಾಲ ಮಾಡಿ ಲ್ಯಾಪ್‌ಟಾಪ್ ತರೋ ಅವಸರ ಬೇಡ. ಮೊದಲ ಸೆಮಿಸ್ಟರಿಗೆ ಕಾಲೇಜಿನ ಲ್ಯಾಬ್ ಸಾಕು.

ಡ್ರಾಯಿಂಗ್‌ನಲ್ಲಿ ಪ್ರೊಜೆಕ್ಷನ್ ತಲೆಗೆ ಹೋಗದಿದ್ದರೆ ಒಂದು ಬೆಂಕಿಪೊಟ್ಟಣ ತನ್ನಿ. ಮೇಜು ಅಂದರೆ ಎಚ್‌ಪಿ (ಅಡ್ಡ ಸಮತಲ). ಎದುರಿನ ಗೋಡೆ ಅಂದರೆ ವಿಪಿ (ಲಂಬ ಸಮತಲ). ಪೊಟ್ಟಣದ ಒಂದು ಮೂಲೆ ಮಾತ್ರ ಮೇಜಿಗೆ ತಾಗುವಂತೆ ನಿಲ್ಲಿಸಿ ಬೆರಳಲ್ಲಿ ಹಿಡಿದುಕೊಳ್ಳಿ. ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಕಂಡದ್ದನ್ನು ಬರೆಯಿರಿ. ಆಮೇಲೆ ಮುಂದಿನಿಂದ ನೋಡಿ ಬರೆಯಿರಿ. ಕೋನ್ ಕತ್ತರಿಸುವ ಪಾಠ ಬಂದಾಗ ಗಜ್ಜರಿ ತೆಗೆದುಕೊಂಡು ಓರೆಯಾಗಿ ಕತ್ತರಿಸಿ ನೋಡಿ. ಸಾಫ್ಟ್‌ವೇರ್ ಆಮೇಲೆ ಸುಲಭವಾಗುತ್ತದೆ.

ದುಡ್ಡು

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಅರ್ಜಿ ತೆರೆದ ವಾರವೇ ಹಾಕಿ. ಕೊನೆಯ ದಿನ ಸರ್ವರ್ ಕೂತುಬಿಡುತ್ತದೆ. ಅರ್ಜಿ ಹಾಕಿ ಕೈತೊಳೆದುಕೊಳ್ಳಬೇಡಿ. ತಿಂಗಳಿಗೊಮ್ಮೆ ಸ್ಟೇಟಸ್ ನೋಡಿ, ಕಾಲೇಜಿನ ಹಂತದಲ್ಲಿ ನಿಂತಿದ್ದರೆ ಗುಮಾಸ್ತರನ್ನು ಹೋಗಿ ಕೇಳಿ. ಬಸ್ ಪಾಸ್ ಅರ್ಜಿ ಸೇವಾ ಸಿಂಧುವಿನಲ್ಲಿ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಬ್ಯಾಗಿನಲ್ಲೇ ಇರಲಿ.

ಫೋನಿನಲ್ಲಿ ದುಡ್ಡು ಕೊಟ್ಟಾಗ ಕೈಯಿಂದ ಹೋದದ್ದು ಗೊತ್ತಾಗುವುದಿಲ್ಲ. ಸಂಜೆಯ ಚಹಾ, ಗೋಬಿ, ಜೆರಾಕ್ಸ್, ಎಲ್ಲ ಸೇರಿ ತಿಂಗಳ ಕೊನೆಗೆ ಗಾಬರಿ ಆಗುತ್ತದೆ. ರಾತ್ರಿ ಮಲಗುವಾಗ ಆ ದಿನದ ಖರ್ಚು ಬರೆದಿಡಿ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಅನ್ನುವ ಆ್ಯಪ್‌ಗಳನ್ನು ಫೋನಿಗೆ ಹಾಕಿಕೊಳ್ಳಬೇಡಿ. ಬೆಟ್ಟಿಂಗ್ ಆಟಗಳನ್ನೂ ಅಷ್ಟೇ. ಮೂರು ಸಾವಿರದ ಸಾಲ ಇಪ್ಪತ್ತು ಸಾವಿರ ಆಗಿ, ಕಾಂಟ್ಯಾಕ್ಟ್‌ನಲ್ಲಿದ್ದವರಿಗೆಲ್ಲ ಫೋನ್ ಹೋಗಿ, ಕಾಲೇಜು ಬಿಡುವ ಹಂತಕ್ಕೆ ಬಂದ ಹುಡುಗನ ಜೊತೆ ನಾನು ಪೊಲೀಸ್ ಠಾಣೆಗೆ ಹೋಗಿ ಬಂದಿದ್ದೇನೆ. ಮೆಸ್ ಬಿಲ್ ಕಟ್ಟೋಕೆ ಆಗುತ್ತಿಲ್ಲ ಅಂದರೆ ಪ್ರಾಕ್ಟರ್‌ಗೆ ಹೇಳಿ. ಅನೇಕ ಕಾಲೇಜುಗಳಲ್ಲಿ ಫೀಸಿಗೆ ಕಂತು ಮಾಡಿಕೊಡುತ್ತಾರೆ. ಕೇಳಿದವರಿಗೆ.

ಊರಿನ ನೆನಪು

ಮೊದಲ ತಿಂಗಳು ಎರಡು ವಾರಕ್ಕೊಮ್ಮೆಗಿಂತ ಜಾಸ್ತಿ ಊರಿಗೆ ಹೋಗಬೇಡಿ. ಶುಕ್ರವಾರ ಸಂಜೆ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕ್ಲಾಸಿಗೆ ಬರುವವರಿಗೆ ಈ ಜಾಗ ತಮ್ಮದು ಅನ್ನಿಸುವುದೇ ಇಲ್ಲ. ಆದರೆ ಅವ್ವನಿಗೆ ದಿನಾ ಫೋನ್ ಮಾಡಿ. ಊಟ ಆಯ್ತಾ ಅಂದರೆ ಆಯ್ತು ಅಂತ ಮಾತ್ರ ಹೇಳಿ ಇಡಬೇಡಿ. ಏನು ತಿಂದಿರಿ, ಅನ್ನ ಹೇಗಿತ್ತು, ಪಕ್ಕದ ಹಾಸಿಗೆಯವನು ಯಾವ ಊರಿನವನು, ಇದನ್ನೆಲ್ಲ ಹೇಳಿ. ಸಣ್ಣ ಮಾತು ಆಡುವ ರೂಢಿ ಇದ್ದರೆ ಮುಂದೆ ಕಷ್ಟದ ಮಾತನ್ನೂ ಹೇಳೋಕೆ ಬಾಯಿ ಬರುತ್ತದೆ.

ರ್ಯಾಗಿಂಗ್ ಬಗ್ಗೆ ಅನುಮಾನವೇ ಬೇಡ. ಹಾಡು ಹೇಳು ಅನ್ನೋದರಿಂದ ಶುರುವಾಗಿ ನಿಮ್ಮ ಜಾತಿ, ಮೈಬಣ್ಣ, ಮಾತಿನ ಧಾಟಿ ಆಡಿಕೊಳ್ಳುವವರೆಗೆ ಹೋದರೆ ಅದು ತಮಾಷೆಯಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಉಚಿತ ಸಹಾಯವಾಣಿ 1800-180-5522. ಅಡ್ಮಿಷನ್ ಆಗುವಾಗ ನೀವು ಮತ್ತು ನಿಮ್ಮ ಪೋಷಕರು ರ್ಯಾಗಿಂಗ್ ವಿರುದ್ಧದ ಮುಚ್ಚಳಿಕೆ ಕೊಟ್ಟಿರುತ್ತೀರಿ. ಸೀನಿಯರ್‌ಗಳೂ ಕೊಟ್ಟವರೇ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಎಲ್ಲ ಬಿಟ್ಟುಬಿಡೋಣ ಅನ್ನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಈ ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ನಿಮಗಲ್ಲದಿದ್ದರೂ ರೂಮ್‌ಮೇಟ್‌ಗೆ ಬೇಕಾಗಬಹುದು.

ಬ್ಯಾಕ್ ಬಂದರೆ

ಮೊದಲ ಸೆಮಿಸ್ಟರ್‌ನಲ್ಲಿ ಒಂದೆರಡು ವಿಷಯ ಹೋಗುವುದು ಅಪರೂಪವಲ್ಲ. ರಿಸಲ್ಟ್ ಬಂದ ದಿನ ಮನೆಗೆ ಹೇಳಿ. "ಒಂದು ವಿಷಯ ಉಳಿದಿದೆ, ಮುಂದಿನ ಪರೀಕ್ಷೆಯಲ್ಲಿ ತೆಗೆದುಕೊಳ್ತೀನಿ" ಅಂತ ಒಂದೇ ವಾಕ್ಯ. ಮುಚ್ಚಿಟ್ಟ ಮಕ್ಕಳು ಆಮೇಲೆ ಪ್ರತಿ ಸೆಮಿಸ್ಟರೂ ಮುಚ್ಚಿಡಬೇಕಾಗುತ್ತದೆ. ಆ ಭಾರದಲ್ಲಿ ಓದೋಕೆ ಆಗುವುದಿಲ್ಲ.

ಬಂದ ಮಾರ್ಕ್ಸ್ ತೀರಾ ಕಡಿಮೆ ಅನ್ನಿಸಿದರೆ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಿ. ಅದನ್ನು ವಿಷಯದ ಅಧ್ಯಾಪಕರಿಗೆ ತೋರಿಸಿ. ಅವರು ಮರುಮೌಲ್ಯಮಾಪನಕ್ಕೆ ಹಾಕು ಅಂದರೆ ಮಾತ್ರ ದುಡ್ಡು ಕಟ್ಟಿ. ಈ ಅರ್ಜಿಗಳಿಗೆ ಕೆಲವೇ ದಿನದ ಅವಕಾಶ ಇರುತ್ತದೆ. ಎಷ್ಟು ಬ್ಯಾಕ್ ಇದ್ದರೆ ಎರಡನೇ ವರ್ಷಕ್ಕೆ ಹೋಗಬಹುದು ಅನ್ನೋ ನಿಯಮವನ್ನು ನಿಮ್ಮ ಸ್ಕೀಮ್‌ನ ರೆಗ್ಯುಲೇಷನ್ ತೆಗೆದು ಓದಿ. ಗೆಳೆಯರ ಬಾಯಿಮಾತು ನಂಬಬೇಡಿ.

25ಕ್ಕೆ 7 ಬಂದಿದ್ದ ಆ ಹುಡುಗ ಮೊದಲ ಸೆಮಿಸ್ಟರ್ ಗಣಿತದಲ್ಲಿ 46 ತೆಗೆದುಕೊಂಡು ಪಾಸಾದ. ದೊಡ್ಡ ಮಾರ್ಕ್ಸ್ ಅಲ್ಲ. ಆದರೆ ಎರಡನೇ ಇಂಟರ್ನಲ್ಸ್ ಹೊತ್ತಿಗೆ ಅವನು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿದ್ದ. ವಾರಕ್ಕೆರಡು ಸಲ ಒಳಗೆ ಬಂದು ನೋಟ್ಸ್ ಬಿಚ್ಚಿ ಬೆರಳಿಡುತ್ತಿದ್ದ.

ಸೆಮಿಸ್ಟರ್ ಬದಲಾಗುವಾಗ

ಮೊದಲ ವರ್ಷದಲ್ಲಿ ಅರ್ಧ ಸೆಕ್ಷನ್‌ಗಳು ಫಿಸಿಕ್ಸ್ ಸೈಕಲ್ (ಫಿಸಿಕ್ಸ್ ಇರುವ ವಿಷಯಗಳ ಗುಂಪು), ಇನ್ನರ್ಧ ಕೆಮಿಸ್ಟ್ರಿ ಸೈಕಲ್. ಎರಡನೇ ಸೆಮಿಸ್ಟರ್‌ನಲ್ಲಿ ಅದಲು ಬದಲು. ಹಾಗಾಗಿ ಹೊಸ ಪುಸ್ತಕ ಕೊಳ್ಳುವ ಮೊದಲು ಇನ್ನೊಂದು ಸೈಕಲ್‌ನ ಒಬ್ಬರನ್ನು ಹುಡುಕಿಕೊಳ್ಳಿ. ಪರೀಕ್ಷೆ ಮುಗಿಯುವ ಮೊದಲೇ ಮಾತಾಡಿಟ್ಟುಕೊಳ್ಳಿ, ಕೊನೆಯ ಪೇಪರ್ ಆದ ಮೇಲೆ ಎಲ್ಲರೂ ಬಸ್ಸು ಹತ್ತಿರುತ್ತಾರೆ. ನಿಮ್ಮ ಪುಸ್ತಕ ಅವರಿಗೆ, ಅವರದು ನಿಮಗೆ. ಲ್ಯಾಬ್ ಮ್ಯಾನುಯಲ್, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಸೇರಿಸಿ ಬದಲಾಯಿಸಿ.

ಪುಸ್ತಕದ ಅಂಚಿನಲ್ಲಿ ನೀವು ಪೆನ್ಸಿಲ್‌ನಿಂದ ಬರೆದ ಕನ್ನಡ ಅರ್ಥಗಳನ್ನು ಕೊಡುವ ಮೊದಲು ಅಳಿಸಬೇಡಿ. ತೆಗೆದುಕೊಳ್ಳುವವರೂ ಕನ್ನಡ ಮಾಧ್ಯಮದವರೇ ಆಗಿದ್ದರೆ, ಅವರು ಮೊದಲು ಓದುವುದು ಅದನ್ನೇ.